ಐಸ್ ಹಾಕಿಗೆ ಪೂರ್ತಿ ಸೆಟ್ ತಗೊಳ್ಳಬೇಡಿ, ಬಿಡಿ ಬಿಡಿಯಾಗಿ ತಗೊಳ್ಳಿ

ವಾರಕ್ಕೊಮ್ಮೆ ಮೋಜಿಗೆ ಆಡುವವರಿಗೆ ಕಡಿಮೆ ಬೆಲೆಯ ಸ್ಟಾರ್ಟರ್ ಸೆಟ್ ಸಾಕಾ, ಬಾಡಿ ಚೆಕ್ (ಎದುರಾಳಿಯನ್ನು ಮೈಯಿಂದ ಗುದ್ದಿ ತಡೆಯುವುದು) ಇಲ್ಲದ ಲೀಗ್ ಆದ್ದರಿಂದ ಯಾವ ಪ್ಯಾಡ್ ಬಿಡಬಹುದು ಅಂತ, ತಗೊಳ್ಳಬೇಕಾದ ಗೇರಿನ ಪಟ್ಟಿಯನ್ನೂ ಹಾಕಿ ಕೇಳಿದ್ದೀರಿ. ನಾನೂ ಇದೇ ಎರಡು ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಶುರು ಮಾಡಿದವನು. ಮೊದಲನೆಯದಕ್ಕೆ "ಸಾಕು" ಅಂತ ನಾನೇ ಉತ್ತರ ಹೇಳಿಕೊಂಡು ಸೆಟ್ ತಂದೆ. ಅದರ ಲೆಕ್ಕವನ್ನು ನನ್ನ ಬಲ ಮೊಣಕೈ ಕಟ್ಟಿತು.

ದೊಡ್ಡವನಾದ ಮೇಲೆ ಐಸ್ ಮೇಲೆ ಕಾಲಿಟ್ಟವನು ನಾನು. ಸ್ಕೇಟಿಂಗ್ ಒಂದು ಮಟ್ಟಕ್ಕೆ ಬಂದ ಮೇಲೆ ಜೊತೆಯವರು ಆಡೋಕೆ ಕರೆದರು. ಒಂದೊಂದೇ ವಸ್ತು ಹುಡುಕುವ ತಾಳ್ಮೆ ಇರಲಿಲ್ಲ. ಶಿನ್ ಗಾರ್ಡ್ (ಮಂಡಿಯಿಂದ ಕೆಳಗೆ ಕಾಲಿನ ಮುಂಭಾಗ ಮುಚ್ಚುವುದು), ಎಲ್ಬೋ ಪ್ಯಾಡ್, ಶೋಲ್ಡರ್ ಪ್ಯಾಡ್, ಪ್ಯಾಂಟ್, ಗ್ಲೌಸ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕೊಡುವ ಸೆಟ್ ಕಣ್ಣಿಗೆ ಬಿತ್ತು. ಚೀಲದ ಮೇಲೆ ಒಂದು ಚಾರ್ಟ್. ಎತ್ತರ ಇಷ್ಟು, ತೂಕ ಇಷ್ಟು ಇದ್ದರೆ ಲಾರ್ಜ್. ನಾನು ಉದ್ದ, ಹಾಗಾಗಿ ಲಾರ್ಜ್. ಆದರೆ ನನ್ನ ಉದ್ದವೆಲ್ಲ ಇರುವುದು ಕಾಲಿನಲ್ಲಿ. ಕೈ ಗಿಡ್ಡ, ತೋಳು ಸಣ್ಣ. ಚಾರ್ಟಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು ಹೇಳಿ?

ಶಿನ್ ಗಾರ್ಡ್ ಹೇಳಿ ಮಾಡಿಸಿದಂತೆ ಕೂತಿತು. ಎಲ್ಬೋ ಪ್ಯಾಡ್ ಸ್ವಲ್ಪ ಸಡಿಲ ಅನ್ನಿಸಿತು. "ಸಡಿಲ ಇದ್ದರೆ ಕೈ ಆರಾಮಾಗಿ ಆಡುತ್ತದೆ" ಅಂತ ಬಿಟ್ಟೆ. ಆ ಒಂದು ಮಾತಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎಲ್ಬೋ ಪ್ಯಾಡಿನ ಮಧ್ಯದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಕ್ಯಾಪ್ ಇರುತ್ತದೆ, ಅದರ ಒಳಗೆ ತಗ್ಗು. ಕೈ ಮಡಚಿದಾಗ ಹಿಂದೆ ಚೂಪಾಗಿ ಬರುವ ಮೂಳೆಯ ತುದಿ ಸರಿಯಾಗಿ ಆ ತಗ್ಗಿನಲ್ಲಿ ಕೂರಬೇಕು. ಆ ತುದಿಯ ಮೇಲೆ ಮಾಂಸವೇ ಇಲ್ಲ. ಚರ್ಮ, ಅದರ ಕೆಳಗೆ ಬರ್ಸಾ ಅನ್ನುವ ತೆಳ್ಳಗಿನ ಚೀಲ, ಆಮೇಲೆ ಮೂಳೆ, ಅಷ್ಟೇ. ಪ್ಯಾಡ್ ದೊಡ್ಡದಾದರೆ ಮೂಳೆ ತಗ್ಗಿನಲ್ಲಿ ಕೂರದೆ ಅತ್ತಿತ್ತ ಓಡಾಡುತ್ತದೆ. ಕನ್ನಡಿ ಮುಂದೆ ನಿಂತಾಗ ಇದು ಗೊತ್ತಾಗಲ್ಲ. ಐಸ್ ಮೇಲೆ ಬೆವರು ಶುರುವಾಗಿ ಒಳಗಿನ ಬಟ್ಟೆ ಒದ್ದೆಯಾದ ಮೇಲೆ ಪ್ಯಾಡ್ ಮೆಲ್ಲಗೆ ಕೆಳಗೆ ಇಳಿಯುತ್ತದೆ, ಸ್ವಲ್ಪ ತಿರುಗುತ್ತದೆ. ಆಟದ ಗಡಿಬಿಡಿಯಲ್ಲಿ ಯಾರು ನೋಡ್ತಾರೆ.

ಬೋರ್ಡಿನ (ರಿಂಕಿನ ಸುತ್ತಲಿನ ಗೋಡೆಯ) ಹತ್ತಿರ ತಿರುಗುವಾಗ ಸ್ಕೇಟಿನ ಅಂಚು ಹಿಡಿತ ತಪ್ಪಿ ಬಲಮಗ್ಗುಲಿಗೆ ಬಿದ್ದೆ. ಯಾರೂ ತಳ್ಳಲಿಲ್ಲ, ಹತ್ತಿರದಲ್ಲೂ ಯಾರೂ ಇರಲಿಲ್ಲ. ಪ್ಯಾಡ್ ಐಸಿಗೆ ಕಚ್ಚಿಕೊಂಡು ಅಲ್ಲೇ ನಿಂತಿತು, ಅದರೊಳಗಿನ ಕೈ ಮುಂದೆ ಜಾರಿತು. ಕ್ಯಾಪ್ ತೋಳಿನ ಹೊರಮಗ್ಗುಲಿಗೆ ಹೋಯಿತು. ಮೂಳೆಗೂ ಐಸಿಗೂ ನಡುವೆ ಉಳಿದದ್ದು ಪ್ಯಾಡಿನ ಅಂಚಿನ ತೆಳು ಬಟ್ಟೆ ಮಾತ್ರ. ಮನೆ ಸೇರುವಷ್ಟರಲ್ಲಿ ಮೊಣಕೈ ತುದಿಯಲ್ಲಿ ನಿಂಬೆಹಣ್ಣಿನಷ್ಟು ಊತ.

ಇಷ್ಟಕ್ಕೇ ಬುದ್ಧಿ ಬಂದಿದ್ದರೆ ಈ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು. ಊತ ಇಳಿದ ಮೇಲೆ ಅದೇ ಪ್ಯಾಡ್ ಹಾಕಿಕೊಂಡು ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದೆ. ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು ಹಿಡಿದವು. ಮೊಣಕೈ ಒಳಮಗ್ಗುಲಲ್ಲಿ ಒಂದು ನರ ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ, ಎಲ್ಲಾದರೂ ತಾಗಿಸಿಕೊಂಡರೆ ಕೈಗೆ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದೇ ನರ. ಅದನ್ನು ಒತ್ತಿ ಕಟ್ಟಿದ್ದೆ. ಪಟ್ಟಿ ಸಡಿಲ ಮಾಡಿ, ಅದರ ಬದಲು ಕ್ಯಾಪಿನ ತಗ್ಗಿಗೆ ಸ್ಪಾಂಜ್ ತುಂಬಿದೆ. ಬಹಳ ಜಾಣತನ ಅಂದುಕೊಂಡಿದ್ದೆ. ಮೂಳೆ ಕೂರಬೇಕಾದ ಜಾಗದಲ್ಲಿ ಸ್ಪಾಂಜ್ ಕೂತಿತು, ಮೂಳೆ ಇನ್ನೂ ಆಚೆ ಬಂತು. ಮತ್ತೆ ಬಿದ್ದೆ, ಮತ್ತೆ ಅದೇ ಜಾಗ. ಈ ಸಲ ಡಾಕ್ಟರ್ ಸಿರಿಂಜ್ ಹಾಕಿ ಕೆಂಪು ನೀರು ತೆಗೆದರು, ಬರ್ಸೈಟಿಸ್, ಅಂದರೆ ಆ ಬರ್ಸಾ ಚೀಲದ ಉರಿಯೂತ, ಅಂದರು. ತೆಗೆದದ್ದು ಮತ್ತೆ ತುಂಬಿಕೊಂಡಿತು. ಉಳಿದ ಸೀಸನ್ ಪೂರ್ತಿ ಬೆಂಚಿನ ಹಿಂದೆ ನಿಂತು ಬಾಟಲಿಗೆ ನೀರು ತುಂಬಿಸಿ ಕೊಟ್ಟೆ. ಮೇಜಿನ ಮೇಲೆ ಮೊಣಕೈ ಊರಿ ಕೂರುವುದು ಎಂಥ ಸುಖ ಅಂತ ಆಗ ತಿಳಿಯಿತು.

ಆಮೇಲೆ ನಮ್ಮ ತಂಡದವರೊಬ್ಬರು ಬಿಟ್ಟ ಹಳೇ ಪ್ಯಾಡ್ ಹಾಕಿ ನೋಡಿದೆ, ಮೀಡಿಯಂ ಸೈಜಿನದು. ನೋಡೋಕೆ ಸವೆದು ಹೋಗಿತ್ತು, ಹೆಸರೂ ಅಳಿಸಿತ್ತು. ಆದರೆ ಒಂದು ಕೂದಲಷ್ಟೂ ಅಲ್ಲಾಡಲಿಲ್ಲ. ಇವತ್ತಿಗೂ ಅದನ್ನೇ ಹಾಕುತ್ತೇನೆ.

ಹಾಗಾಗಿ ಸೆಟ್ ಬಗ್ಗೆ ನನ್ನ ಉತ್ತರ ಬೇಡ ಅಂತಲೇ. ಸೆಟ್ಟಿನೊಳಗಿನ ಒಂದೊಂದು ಪ್ಯಾಡ್ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಕೈ, ಕಾಲು, ಭುಜ, ಸೊಂಟ ನಾಲ್ಕಕ್ಕೂ ಒಂದೇ ಸೈಜ್ ಆಗುವ ಮೈ ಬಹಳ ಜನಕ್ಕೆ ಇರುವುದಿಲ್ಲ. ನೀವು ಅಂಥ ಅದೃಷ್ಟವಂತರಾಗಿದ್ದರೆ ಧಾರಾಳವಾಗಿ ತಗೊಳ್ಳಿ. ಆದರೆ ಅದು ತಿಳಿಯಬೇಕಾದರೂ ಒಂದೊಂದನ್ನೂ ಹಾಕಿಯೇ ನೋಡಬೇಕು ಅಲ್ವಾ?

ಎಲ್ಬೋ ಪ್ಯಾಡ್ ಪರೀಕ್ಷೆ ಹೀಗೆ. ಪಟ್ಟಿ ಕಟ್ಟಿ, ಕೈಯನ್ನು ಅರ್ಧ ಮಡಚಿ, ಇನ್ನೊಂದು ಕೈಯಲ್ಲಿ ಕ್ಯಾಪ್ ಹಿಡಿದು ಜೋರಾಗಿ ತಿರುಗಿಸಿ. ಪ್ಯಾಡಿನ ಜೊತೆ ಚರ್ಮವೂ ತಿರುಗಿದರೆ ಸರಿ. ಪ್ಯಾಡ್ ಮಾತ್ರ ತಿರುಗಿದರೆ ಕೆಳಗಿಡಿ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೆಳಗಿಡಿ.

ಇನ್ನು ಎರಡನೇ ಪ್ರಶ್ನೆ. ಬಾಡಿ ಚೆಕ್ ಇಲ್ಲ ಅಂದ ಮಾತ್ರಕ್ಕೆ ಪ್ಯಾಡ್ ಬಿಡಬಹುದು ಅನ್ನುವ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ನಮ್ಮಂಥವರ ಆಟದಲ್ಲಿ ನೋವಾಗುವುದು ಇನ್ನೊಬ್ಬರು ಬಂದು ಗುದ್ದುವುದರಿಂದಲ್ಲ, ನಾವೇ ಬೀಳುವುದರಿಂದ. ನಿಲ್ಲೋಕೆ ಇನ್ನೂ ಬರದವರು ನಿಮ್ಮ ಮೇಲೆ ಬಂದು ಬೀಳುತ್ತಾರೆ, ಅದಕ್ಕೆ ಯಾವ ನಿಯಮವೂ ಅಡ್ಡ ಬರಲ್ಲ. ಜೊತೆಗೆ ಚೆಂಡಿನ ಬದಲು ಆಡುವ ಪಕ್ ಇದೆ. 3 ಇಂಚು ಅಗಲ, 1 ಇಂಚು ದಪ್ಪದ ಗಟ್ಟಿ ರಬ್ಬರ್, ತೂಕ 156ರಿಂದ 170 ಗ್ರಾಂ. ಸ್ಟಿಕ್ಕಿಗೆ ತಾಗಿ ದಿಕ್ಕು ಬದಲಿಸಿ ಬಂದರೆ ಎಲ್ಲಿಗೆ ಬೇಕಾದರೂ ಬರಬಹುದು. ಬಾಡಿ ಚೆಕ್ ಇಲ್ಲದಿದ್ದರೆ ಹಗುರಾದದ್ದು ಸಾಕು ಅನ್ನಬಹುದಾದ ವಸ್ತು ಒಂದೇ, ಶೋಲ್ಡರ್ ಪ್ಯಾಡ್. ಅಲ್ಲಿ ದುಡ್ಡು ಉಳಿಸಿ. ಹಾಕದೇ ಇರಬೇಡಿ, ತೆಳುವಾದದ್ದು ಹಾಕಿ. ಎದೆ ಮಧ್ಯದ ಮೂಳೆಯನ್ನೂ ಕೊರಳ ಕೆಳಗಿನ ಮೂಳೆಯನ್ನೂ ಮುಚ್ಚಿದರೆ ಸಾಕು.

ಪೆಟ್ಟು ಬೀಳುವುದು ಜಾಸ್ತಿ ಪ್ಯಾಡ್ ಮೇಲಲ್ಲ, ಎರಡು ಪ್ಯಾಡುಗಳ ನಡುವಿನ ಸಂದಿಗೆ. ಅದಕ್ಕೇ ಶಿನ್ ಗಾರ್ಡನ್ನು ಸ್ಕೇಟ್ಸ್ ಹಾಕಿಕೊಂಡೇ ಅಳತೆ ನೋಡಬೇಕು. ಮಂಡಿಚಿಪ್ಪು ಮೇಲಿನ ಬಟ್ಟಲಿನಲ್ಲಿ ಕೂತಿರಬೇಕು, ಕೆಳತುದಿ ಸ್ಕೇಟಿನ ನಾಲಿಗೆಯ ಹತ್ತಿರಕ್ಕೆ ಬರಬೇಕು, ಆದರೂ ಪಾದ ಮಡಚೋಕೆ ಅಡ್ಡಿಯಾಗಬಾರದು. ಪ್ಯಾಂಟಿನ ಅಂಚು ಮಂಡಿಯ ಮೇಲ್ಭಾಗಕ್ಕೆ ಇಳಿದಿರಬೇಕು. ಬಗ್ಗಿ ಕೂತಾಗ ತೊಡೆಯ ಚರ್ಮ ಕಂಡರೆ ಅದು ಗಿಡ್ಡ. ಗ್ಲೌಸಿನ ತೋಳು ಎಲ್ಬೋ ಪ್ಯಾಡಿನ ತುದಿಗೆ ಹೆಚ್ಚುಕಡಿಮೆ ಮುಟ್ಟಬೇಕು. ನಡುವೆ ಜಾಗ ಬಿಟ್ಟರೆ ಎದುರಾಳಿಯ ಸ್ಟಿಕ್ ಅದೇ ಜಾಗ ಹುಡುಕಿಕೊಂಡು ಬರುತ್ತದೆ. ಎಲ್ಲ ಹಾಕಿಕೊಂಡು ಮನೆಯಲ್ಲೇ ಕೂತು, ಎದ್ದು, ಮಂಡಿಯೂರಿ, ಕೈ ಮೇಲೆತ್ತಿ ನೋಡಿ. ಎಲ್ಲಿ ಚರ್ಮ ಕಾಣುತ್ತದೆ ಅಂತ ಮನೆಯವರನ್ನು ಕೇಳಿ. ನಗುತ್ತಾರೆ, ನಗಲಿ ಬಿಡಿ.

ಪ್ಯಾಂಟ್ ಬಗ್ಗೆ ಒಂದು ಮಾತು. ಹೊಸಬರು ಹಿಂದಕ್ಕೆ ಬೀಳುವುದೇ ಜಾಸ್ತಿ. ಬೆನ್ನಿನ ಕೆಳತುದಿಯ ಮೂಳೆಯ ಜಾಗದಲ್ಲಿ ದಪ್ಪ ಪ್ಯಾಡ್ ಇದೆಯಾ ಅಂತ ಕೈ ಹಾಕಿ ಒತ್ತಿ ನೋಡಿ. ಇದು ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಶಿನ್ ಗಾರ್ಡ್, ಶೋಲ್ಡರ್ ಪ್ಯಾಡ್ ಕೂಡ ಅಷ್ಟೇ. ಪ್ಲಾಸ್ಟಿಕ್ ಬಿರುಕು ಬಿಟ್ಟಿಲ್ಲ, ಪಟ್ಟಿಯ ಇಲಾಸ್ಟಿಕ್ ಎಳೆದರೆ ವಾಪಸ್ ಬರುತ್ತದೆ ಅಂದರೆ ಧೈರ್ಯವಾಗಿ ತಗೊಳ್ಳಿ. ಇಲಾಸ್ಟಿಕ್ ಸತ್ತಿದ್ದರೆ ನನ್ನ ಮೊಣಕೈ ಕಥೆಯೇ.

ಹೊಸದನ್ನೇ ತಗೊಳ್ಳಬೇಕಾದದ್ದರಲ್ಲಿ ಹೆಲ್ಮೆಟ್ ಮೊದಲು. ಹಳೇ ಹೆಲ್ಮೆಟ್ ಎಷ್ಟು ಪೆಟ್ಟು ತಿಂದಿದೆ ಅಂತ ಹೊರಗಿನಿಂದ ಹೇಳೋಕಾಗಲ್ಲ. ಎಚ್‌ಇಸಿಸಿ, ಸಿಎಸ್‌ಎ ಅಥವಾ ಸಿಇ ಅನ್ನುವ ಸುರಕ್ಷತಾ ಪರೀಕ್ಷೆಯ ಗುರುತು ಇದೆಯಾ ನೋಡಿ. ಎಚ್‌ಇಸಿಸಿ ಸರ್ಟಿಫಿಕೇಟಿಗೆ ತಯಾರಾದ ದಿನದಿಂದ 6.5 ವರ್ಷದ ಅವಧಿ ಇದೆ, ಸ್ಟಿಕ್ಕರ್ ಮೇಲೆ ತಾರೀಕು ಇರುತ್ತದೆ. ಹಾಗಂತ ದುಬಾರಿ ಹೆಲ್ಮೆಟ್ ಬೇಕು ಅಂತ ಅಲ್ಲ. 2015ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಹಾಕಿ ಹೆಲ್ಮೆಟ್‌ಗಳನ್ನು ಪರೀಕ್ಷೆ ಮಾಡಿ 5 ಸ್ಟಾರ್ ಅಳತೆಯಲ್ಲಿ ಅಂಕ ಕೊಟ್ಟಾಗ ಒಂದಕ್ಕೂ 4 ಸ್ಟಾರ್ ಬರಲಿಲ್ಲ. ಮೇಲೆ ಬಂದದ್ದು ಅತಿ ದುಬಾರಿಯದ್ದೂ ಅಲ್ಲ. ಆಮೇಲೆ ಬಂದ ಮಾಡೆಲ್‌ಗಳು ಸುಧಾರಿಸಿವೆ, ಅವರ ಪಟ್ಟಿ ನೋಡಿ ನಿಮ್ಮ ಬಜೆಟ್ಟಿಗೆ ಸಿಗುವುದರಲ್ಲಿ ಜಾಸ್ತಿ ಸ್ಟಾರ್ ಇರುವುದನ್ನು ಆರಿಸಿ. ಯಾವ ಹೆಲ್ಮೆಟ್ಟೂ ತಲೆಗೆ ಪೆಟ್ಟಾಗಿ ಮಿದುಳು ಅಲುಗುವ ಕನ್‌ಕಶನ್ ಆಗುವುದೇ ಇಲ್ಲ ಅಂತ ಖಾತ್ರಿ ಕೊಡಲ್ಲ, ಅದು ನೆನಪಿರಲಿ. ಸೈಕಲ್ ಹೆಲ್ಮೆಟ್ ಇದೆಯಲ್ಲ ಅಂತ ಯೋಚಿಸುತ್ತಿದ್ದರೆ ಬಿಟ್ಟುಬಿಡಿ. ಅದರ ಫೋಮ್ ಒಂದೇ ದೊಡ್ಡ ಪೆಟ್ಟಿಗೆ ಪುಡಿಯಾಗಲಿ ಅಂತ ಮಾಡಿದ್ದು, ಹಾಕಿಯದ್ದು ಮತ್ತೆ ಮತ್ತೆ ಬೀಳುವ ಪೆಟ್ಟಿಗೆ ಮಾಡಿದ್ದು.

ಮುಖಕ್ಕೆ ಪೂರ್ತಿ ಕೇಜ್, ಅಂದರೆ ತಂತಿ ಜಾಲರಿ, ಹಾಕಿ. ಕಣ್ಣಿನ ಭಾಗ ಮಾತ್ರ ಮುಚ್ಚುವ ಪಾರದರ್ಶಕ ಅರ್ಧ ವೈಸರ್ ನೋಡೋಕೆ ಚೆಂದ, ಟಿವಿಯಲ್ಲಿ ಆಡುವವರೆಲ್ಲ ಅದನ್ನೇ ಹಾಕಿರುತ್ತಾರೆ. ಅವರ ಹಲ್ಲಿನ ಖರ್ಚನ್ನು ತಂಡದವರು ನೋಡಿಕೊಳ್ಳುತ್ತಾರೆ, ನಮ್ಮದನ್ನು ನಾವೇ ನೋಡಿಕೊಳ್ಳಬೇಕು. ಅದೂ ಅಲ್ಲದೆ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಹೆಲ್ಮೆಟ್ ಕಡ್ಡಾಯ ಆದದ್ದೇ 1979ರಲ್ಲಿ, ಅದೂ ಹೊಸದಾಗಿ ಬರುವವರಿಗೆ ಮಾತ್ರ. ವೈಸರ್ ವಿಷಯದಲ್ಲಿ 2013ರವರೆಗೆ ಕಾದರು. ಸುರಕ್ಷತೆಯ ವಿಷಯದಲ್ಲಿ ದೊಡ್ಡ ಆಟಗಾರರನ್ನು ನೋಡಿ ಕಲಿಯಬೇಡಿ ಅನ್ನೋದಕ್ಕೆ ಇಷ್ಟು ಸಾಕು.

ನೆಕ್ ಗಾರ್ಡ್ ನಿಮ್ಮ ಪಟ್ಟಿಯಲ್ಲೇ ಇರಲಿಲ್ಲ. ಸೇರಿಸಿ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡುತ್ತಿದ್ದ ಆಡಮ್ ಜಾನ್ಸನ್ ಅವರ ಕುತ್ತಿಗೆಗೆ ಸ್ಕೇಟಿನ ಬ್ಲೇಡ್ ತಾಗಿ ಅವರು ತೀರಿಕೊಂಡರು. ಅದಾದ ಮೇಲೆ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ ತನ್ನ ಟೂರ್ನಿಗಳಲ್ಲಿ ಇದನ್ನು ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಯುಎಸ್‌ಎ ಹಾಕಿ ಸಂಸ್ಥೆ 2024ರ ಆಗಸ್ಟ್ 1ರಿಂದ ಮಕ್ಕಳ ಆಟಕ್ಕೆ ಕಡ್ಡಾಯ ಮಾಡಿತು. ಬೇರೆ ಗೇರಿಗೆ ಹೋಲಿಸಿದರೆ ಇದಕ್ಕೆ ಆಗುವ ಖರ್ಚು ಬಹಳ ಕಡಿಮೆ. ಬ್ಲೇಡಿಗೆ ಹರಿಯದ ನಾರಿನಿಂದ ಮಾಡಿದ್ದಾ ಅಂತ ನೋಡಿ ತಗೊಳ್ಳಿ, ಸುಮ್ನೆ ಫೋಮಿಗೆ ಬಟ್ಟೆ ಸುತ್ತಿದ್ದು ಬೇಡ. ಮೊದಮೊದಲು ಕುತ್ತಿಗೆ ಬೆವರುತ್ತದೆ, ಕಡಿಯುತ್ತದೆ. ಆಮೇಲೆ ಹಾಕಿದ್ದೇ ಮರೆತುಹೋಗುತ್ತದೆ.

ಕಪ್ (ತೊಡೆಸಂದಿಯ ರಕ್ಷಣೆಗೆ) ಮತ್ತು ಹಲ್ಲಿಗೆ ಹಾಕುವ ಮೌತ್ ಗಾರ್ಡ್ ಹೊಸದೇ ತಗೊಳ್ಳಿ, ಕಾರಣ ಬಿಡಿಸಿ ಹೇಳಬೇಕಿಲ್ಲ. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಮೌತ್ ಗಾರ್ಡ್ ನಮಗೆ ಧಾರಾಳವಾಯಿತು.

ಉಳಿಸಿದ ದುಡ್ಡನ್ನೆಲ್ಲ ಸ್ಕೇಟ್ಸಿಗೆ ಹಾಕಿ. ಅದು ಪ್ಯಾಡ್ ಅಲ್ಲ ನಿಜ, ಆದರೆ ಹಿಮ್ಮಡಿ ಹಿಡಿದು ನಿಲ್ಲಿಸುವ ಸ್ಕೇಟ್ಸ್ ಇದ್ದರೆ ಬೀಳುವುದೇ ಕಡಿಮೆಯಾಗುತ್ತದೆ. ಶೂ ಸೈಜಿಗಿಂತ ಒಂದು, ಒಂದೂವರೆ ಸೈಜ್ ಚಿಕ್ಕದು ಬರುವುದು ಸಾಮಾನ್ಯ, ಹೆದರಬೇಡಿ. ಹೊಸ ಬ್ಲೇಡಿಗೆ ಎಷ್ಟೋ ಸಲ ಸಾಣೆ ಹಿಡಿದಿರುವುದಿಲ್ಲ. ಹಿಡಿಸದೆ ಐಸಿಗೆ ಇಳಿಯಬೇಡಿ.

ಕೊನೆಗೆ ಗೆಳೆಯರೊಬ್ಬರ ಹಳೇ ಗ್ಲೌಸ್ ಸುಮ್ನೆ ಸಿಗುತ್ತಿದೆ, ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ ನೋಡಿ. ಒಳಗಿನ ಗಟ್ಟಿ ಪಟ್ಟಿ ಅದನ್ನು ತಡೆದು ನಿಲ್ಲಿಸಿದರೆ ಗ್ಲೌಸ್ ಇನ್ನೂ ಜೀವಂತ ಇದೆ. ಅಂಗೈ ಸವೆದಿದ್ದರೆ ತೊಂದರೆಯಿಲ್ಲ, ತೂತು ಬಿದ್ದು ಬೆರಳು ಹೊರಗೆ ಬರುವಂತಿದ್ದರೆ ಬೇಡ. ವಾಸನೆ ಖಂಡಿತ ಇರುತ್ತದೆ. ಬಿಸಿಯಲ್ಲದ ನೀರಿನಲ್ಲಿ ಸೋಪು ಹಾಕಿ ಕೈಯಲ್ಲೇ ತೊಳೆದು, ಬಾಯಿ ಕೆಳಗೆ ಮಾಡಿ ಫ್ಯಾನಿನ ಗಾಳಿಗೆ ಇಡಿ. ಒಣಗೋಕೆ ದಿನಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಆಟದ ಹಿಂದಿನ ರಾತ್ರಿ ಮಾತ್ರ ತೊಳೆಯಬೇಡಿ.