ಏರಿನಲ್ಲಿ ಸಿಳ್ಳೆ ಸದ್ದು, ಆಮೇಲೆ ಪಿಕಪ್ ಇಲ್ಲ: ಟರ್ಬೊ ಬದಲಿಸುವ ಮೊದಲು ಏನು ನೋಡಬೇಕು?

ದಯವಿಟ್ಟು ಟರ್ಬೊಗೆ ಇನ್ನೂ ಅಡ್ವಾನ್ಸ್ ಕೊಡಬೇಡಿ.

ನೀವು ಹೇಳಿರುವುದು ಇಷ್ಟು. ಸೆಕೆಂಡ್ ಹ್ಯಾಂಡ್ ಜರ್ಮನ್ ಎಸ್‌ಯುವಿ, 2014ರ ಮಾಡೆಲ್, ಡೀಸೆಲ್, ಆಟೋಮ್ಯಾಟಿಕ್, ನಾಲ್ಕೂ ಚಕ್ರಕ್ಕೆ ಪವರ್. ಚಿತ್ರದುರ್ಗದ ಊರೊಳಗೆ ಏನೂ ಗೊತ್ತಾಗಲ್ಲ. ಹೈವೇಯಲ್ಲಿ ಹಿರಿಯೂರು ಕಡೆ ಹೋಗುವಾಗ, ಏರಿನಲ್ಲಿ ಲಾರಿ ಓವರ್‌ಟೇಕ್ ಮಾಡೋಣ ಅಂತ ತುಳಿದರೆ ಸಿಳ್ಳೆ ಸದ್ದು, ಹಿಂದೆ ಕಪ್ಪು ಹೊಗೆ. ಆಮೇಲೆ ಇಂಜಿನ್ ಲೈಟ್ ಬಂದು ಗಾಡಿ ಎಳೆಯುವುದೇ ಇಲ್ಲ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಇದರ ಜೊತೆ 60 ದಾಟಿದ ಮೇಲೆ ಗುಂಯ್ ಅನ್ನುವ ಇನ್ನೊಂದು ಸದ್ದು. ಗ್ಯಾರೇಜಿನವರು ಟರ್ಬೊ ಹೋಗಿದೆ ಅಂದಿದ್ದಾರೆ.

ಈ ಎರಡು ಸದ್ದಿಗೂ ಸಂಬಂಧ ಇದ್ದಂತಿಲ್ಲ. ಬೇರೆ ಬೇರೆಯಾಗಿಯೇ ನೋಡಿ.

ಮೊದಲು ಸಿಳ್ಳೆ. ಟರ್ಬೊ ಗಾಳಿಯನ್ನು ಒತ್ತಿ, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಮೂಲಕ ಇಂಜಿನ್‌ಗೆ ಕಳಿಸುತ್ತದೆ. ಆ ದಾರಿಯಲ್ಲಿ ಇರುವುದು ದಪ್ಪ ರಬ್ಬರ್ ಹೋಸ್, ಪ್ಲಾಸ್ಟಿಕ್ ಪೈಪ್, ಕ್ಲಾಂಪು. ಹತ್ತು ವರ್ಷ ಬಿಸಿಲು, ಇಂಜಿನ್ ಕಾವು, ಎಣ್ಣೆ ಜಿಡ್ಡು ಕುಡಿದ ರಬ್ಬರ್ ಸೀಳು ಬಿಡುತ್ತದೆ. ನಿಧಾನಕ್ಕೆ ಓಡಿಸುವಾಗ ಒತ್ತಡ ಕಡಿಮೆ, ಸೀಳು ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ತುಳಿದಾಗ ಒತ್ತಡ ಜಾಸ್ತಿಯಾಗಿ ಬಾಯಿ ಬಿಡುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಡೀಸೆಲ್ ಬಂದಷ್ಟು ಗಾಳಿ ಬರಲ್ಲ, ಅದಕ್ಕೇ ಕಪ್ಪು ಹೊಗೆ. ಕಂಪ್ಯೂಟರ್ ಇದನ್ನು ನೋಡಿ ಇಂಜಿನ್ ಕಾಪಾಡಲು ಪವರ್ ಕಟ್ ಮಾಡುತ್ತದೆ. ಇದನ್ನೇ ಲಿಂಪ್ ಮೋಡ್ ಅನ್ನುವುದು. ಆಫ್ ಮಾಡಿ ಸ್ಟಾರ್ಟ್ ಮಾಡಿದಾಗ ಅದು ಮತ್ತೆ ಅವಕಾಶ ಕೊಡುತ್ತದೆ, ಅಷ್ಟೇ. ದೋಷ ಅಲ್ಲೇ ಇರುತ್ತದೆ.

ದಾವಣಗೆರೆಯಲ್ಲಿ ನಮ್ಮ ಭಾವನ ಗಾಡಿಗೂ ಹೀಗೇ ಆಗಿತ್ತು. ಅವರಿಗೂ ಟರ್ಬೊ ಬದಲಿಸಿ ಅಂತಲೇ ಹೇಳಿದ್ದರು. ಇಂಜಿನ್ ತಣ್ಣಗಾದ ಮೇಲೆ ನಾನೇ ಕೈ ಹಾಕಿ ನೋಡಿದೆ. ಹೋಸ್ ಮೇಲಿನಿಂದ ಹೊಸದರ ಹಾಗೇ ಇತ್ತು. ಕೆಳಗಡೆ, ಕ್ಲಾಂಪಿನ ಪಕ್ಕ ಬೆರಳಾಡಿಸಿದರೆ ಒಂದೇ ಕಡೆ ಒದ್ದೆ ಎಣ್ಣೆ ಹತ್ತಿತು, ಸುತ್ತ ಕಪ್ಪು ಧೂಳು ಕಚ್ಚಿಕೊಂಡಿತ್ತು. ಅಲ್ಲಿ ಎರಡೂ ಕೈಯಿಂದ ಹಿಡಿದು ಬಗ್ಗಿಸಿದಾಗ ಬೆರಳುದ್ದ ಸೀಳು ತೆರೆದುಕೊಂಡಿತು. ಬಿಟ್ಟ ಕೂಡಲೇ ಮುಚ್ಚಿಕೊಂಡಿತು, ಗುರುತೇ ಇಲ್ಲ. ಕಣ್ಣಲ್ಲಿ ಮಾತ್ರ ನೋಡಿ ಪೈಪೆಲ್ಲ ಸರಿಯಿದೆ ಅನ್ನುವವರ ಮಾತು ನಂಬಬೇಡಿ ಅಂತ ನಾನು ಹೇಳುವುದು ಇದಕ್ಕೇ. ಕೈಗೆ ಸಿಗದ ಜಾಗದಲ್ಲಿದ್ದರೆ ಪೈಪಿಗೆ ಹೊಗೆ ಬಿಟ್ಟು ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ. ನಮ್ಮ ಕಡೆ ಟರ್ಬೊ ಲಾರಿ ಕೆಲಸ ಮಾಡುವ ಅನುಭವಿ ಮೆಕ್ಯಾನಿಕ್‌ಗಳಿಗೆ ಗಾಳಿ ಸೋರಿಕೆ ಹೊಸದೇನಲ್ಲ. ಅವರಿಗೂ ಒಮ್ಮೆ ತೋರಿಸಬಹುದು.

ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷ ಓದುವ ಸ್ಕ್ಯಾನರ್ ಹಾಕಿದಾಗ ಯಾವ ಕೋಡ್ ಬಂತು ಅಂತ ನೀವು ಬರೆದಿಲ್ಲ. ಕೇಳಿ, ಅಳಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ಪಿ0299 ಬಂದಿದ್ದರೆ ಗಾಳಿಯ ಒತ್ತಡ ಸಾಲುತ್ತಿಲ್ಲ ಅಂತ ಅರ್ಥ. ಟರ್ಬೊ ಸತ್ತಿದೆ ಅಂತ ಅಲ್ಲ! ಅದೇ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ಇರುತ್ತದೆ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ, ಗಾಳಿಯ ಒತ್ತಡ ಅಳೆಯುವ ಬೂಸ್ಟ್ ಸೆನ್ಸರ್ ಎಷ್ಟು ತೋರಿಸುತ್ತದೆ ನೋಡಿ. ಸಮುದ್ರದ ಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್ ಬರಬೇಕು. ನಮ್ಮ ಊರುಗಳು 600–750 ಮೀಟರ್ ಎತ್ತರದಲ್ಲಿವೆ, ಹಾಗಾಗಿ 93–94ರ ಆಸುಪಾಸು ಇದ್ದರೆ ಸರಿ. ತುಂಬಾ ವ್ಯತ್ಯಾಸ ಇದ್ದರೆ ಸೆನ್ಸರ್ ಮೇಲೇ ಅನುಮಾನ. ಆಮೇಲೆ ಒಬ್ಬರು ಓಡಿಸಲಿ, ಪಕ್ಕದಲ್ಲಿ ಕೂತವರು ನೋಡಲಿ: ಕಂಪ್ಯೂಟರ್ ಕೇಳುತ್ತಿರುವ ಒತ್ತಡ ಎಷ್ಟು, ನಿಜವಾಗಿ ಸಿಗುತ್ತಿರುವುದು ಎಷ್ಟು. ಏರಿನಲ್ಲಿ ಇವೆರಡರ ನಡುವೆ ಅಂತರ ಬೆಳೆಯುತ್ತಾ ಹೋದರೆ ಹೋಸ್, ಟರ್ಬೊದ ಒತ್ತಡ ಹೆಚ್ಚುಕಮ್ಮಿ ಮಾಡುವ ಆಕ್ಚುಯೇಟರ್, ಅದಕ್ಕೆ ವ್ಯಾಕ್ಯೂಮ್ ಪೈಪ್ ಇದ್ದರೆ ಅದು, ಇಷ್ಟನ್ನು ನೋಡಿ. ಎರಡೂ ಸರಿಸಮ ಇದ್ದೂ ಎಳೆಯದಿದ್ದರೆ ಡೀಸೆಲ್ ಫಿಲ್ಟರ್ ಕಡೆ ಹೋಗಿ.

ಊರೊಳಗಿನ ಚಿಕ್ಕ ಓಡಾಟವೇ ಜಾಸ್ತಿ ಅಂದಿದ್ದೀರಿ, ಹಾಗಾಗಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್, ಅದನ್ನೂ ನೋಡಿಸಿ. ಮಸಿ ಸುಟ್ಟುಕೊಳ್ಳಲು ಅದಕ್ಕೆ ಹೈವೇ ಓಟ ಬೇಕು. ಹಿಂದಿನ ಓನರ್ ಯಾವ ಇಂಜಿನ್ ಆಯಿಲ್ ಹಾಕಿಸಿದ್ದರು ಅಂತಲೂ ಬಿಲ್ ನೋಡಿ. ಇಂಥ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಸಿಕ್ಕಿದ್ದನ್ನು ಹಾಕಿದರೆ ಡಿಪಿಎಫ್ ಬೇಗ ಕಟ್ಟಿಕೊಳ್ಳುತ್ತದೆ.

ಟರ್ಬೊ ನಿಜವಾಗಿ ಹೋದಾಗ ಲಕ್ಷಣ ಬೇರೆ. ಸೈರನ್ ತರಹ ಸದ್ದು ಆರ್‌ಪಿಎಂ ಜೊತೆ ಏರುತ್ತದೆ, ನೀಲಿ ಹೊಗೆ ಬರುತ್ತದೆ, ಆಯಿಲ್ ಕಮ್ಮಿಯಾಗುತ್ತದೆ. ಪೈಪ್ ಬಿಚ್ಚಿ ಟರ್ಬೊ ಒಳಗೆ ರೆಕ್ಕೆ ತಿರುಗಿಸುವ ಶಾಫ್ಟ್ ಅಲ್ಲಾಡಿಸಿ ತೋರಿಸಲು ಹೇಳಿ. ಅಕ್ಕಪಕ್ಕಕ್ಕೆ ಚೂರು ಆಡುವುದು ಸಹಜ. ರೆಕ್ಕೆ ಗೋಡೆಗೆ ತಾಗಿ ಉಜ್ಜಿದ ಗುರುತಿದ್ದರೆ ಮಾತ್ರ ಬದಲಿಸಿ. ನೀಲಿ ಹೊಗೆ ದಟ್ಟವಾಗಿ ಬಂದರೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. ಟರ್ಬೊದಿಂದ ಸೋರಿದ ಆಯಿಲ್ಲನ್ನೇ ಕುಡಿದು ಡೀಸೆಲ್ ಇಂಜಿನ್ ಕೀ ತೆಗೆದರೂ ನಿಲ್ಲದೆ ಓಡಬಹುದು.

ಇನ್ನು ಆ ಗುಂಯ್ ಸದ್ದು. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಆಗಲೂ ಸದ್ದು ಹಾಗೇ ಇದ್ದು, ಸ್ಪೀಡ್ ಇಳಿದಂತೆ ಇಳಿದರೆ ಇಂಜಿನ್‌ದಲ್ಲ, ಚಕ್ರದ ಕಡೆಯದು. ಅಗಲವಾದ ತಿರುವಿನಲ್ಲಿ ಎಡಕ್ಕೆ ಹೋಗುವಾಗ ಜಾಸ್ತಿಯಾಗಿ ಬಲಕ್ಕೆ ಕಡಿಮೆಯಾದರೆ ಸಾಮಾನ್ಯವಾಗಿ ಬಲಗಡೆಯ ವೀಲ್ ಬೇರಿಂಗ್. ಎರಡೂ ಕಡೆ ಒಂದೇ ಥರ ಇದ್ದರೆ ಟೈರ್ ಮೇಲೆ ಅಂಗೈ ಸವರಿ, ಏರಿಳಿತ ಕೈಗೇ ಸಿಗುತ್ತದೆ. ನಾಲ್ಕೂ ಟೈರ್ ಒಂದೇ ಸೈಜ್, ಒಂದೇ ಕಂಪನಿ, ಸವೆತವೂ ಹೆಚ್ಚುಕಮ್ಮಿ ಒಂದೇ ಇದೆಯಾ ಅಂತ ಈ ವಾರವೇ ನೋಡಿ. ಮಾರುವ ಮೊದಲು ಎರಡೇ ಹೊಸ ಟೈರ್ ಹಾಕಿ ಕೊಡುವವರು ಇದ್ದಾರೆ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಗಾಡಿಯಲ್ಲಿ ಹಿಂದೆ ಮುಂದೆ ಸುತ್ತಳತೆ ಬೇರೆಯಾದರೆ ಮುಂದಿನ ಹಿಂದಿನ ಚಕ್ರಗಳಿಗೆ ಪವರ್ ಹಂಚುವ ಟ್ರಾನ್ಸ್‌ಫರ್ ಕೇಸ್ ಸವೆಯುತ್ತದೆ. ಅದರ ರಿಪೇರಿ ಟೈರಿನ ಖರ್ಚಿಗಿಂತ ಎಷ್ಟೋ ಜಾಸ್ತಿ.