ಧ್ವನಿಮುದ್ರಣ ಮಾಡುವ ಕೋಣೆಯ ಕಂಪ್ಯೂಟರ್‌ಗೆ ಎಂಥ ಫ್ಯಾನು ಹಾಕಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಕಲಬುರಗಿಯ ನಿಮ್ಮ ಮನೆಯಲ್ಲಿ ವಿದ್ಯಾರ್ಥಿಗಳಿಗಾಗಿ ಪಾಠಗಳನ್ನು ಓದಿ ಮುದ್ರಿಸುತ್ತೀರಿ, 65 ವ್ಯಾಟ್‌ನ ಪ್ರೊಸೆಸರ್, 170 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಅದೇ ಕೋಣೆಯಲ್ಲಿದೆ, ಕ್ಯಾಬಿನೆಟ್ ಜೊತೆಗೇ ಬಂದ ಮೂರು 120 ಮಿ.ಮೀ. ಫ್ಯಾನುಗಳ ಗುಂಯ್ಗುಟ್ಟುವ ಸದ್ದು ಮೈಕಿನಲ್ಲಿ ಸೇರಿಕೊಳ್ಳುತ್ತಿದೆ. ಬೇಸಿಗೆಯಲ್ಲಿ ಯಂತ್ರವೂ ಕಾಯಬಾರದು, ಸದ್ದೂ ಇರಬಾರದು, ಹಾಗಾದರೆ ಯಾವ ಫ್ಯಾನು ಕೊಳ್ಳಬೇಕು? ಕಂಪ್ಯೂಟರ್ ಜೋಡಿಸಿಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿರುವವನಾಗಿ ಉತ್ತರಿಸುತ್ತಿದ್ದೇನೆ. ನಿಮಗೆ ಬೇಕಿರುವುದು ನಿಧಾನವಾಗಿ ತಿರುಗಿದರೂ ಸಾಕಷ್ಟು ಗಾಳಿ ತರುವ, ವೇಗವನ್ನು ನೀವೇ ನಿಗದಿಪಡಿಸಲು ಬರುವ ಫ್ಯಾನು. ಕಂಪನಿಯ ಹೆಸರು ಆಮೇಲಿನ ಮಾತು.

ಮೊದಲು ಎಷ್ಟು ಗಾಳಿ ಬೇಕೆಂದು ಲೆಕ್ಕ ಹಾಕೋಣ, ಏಕೆಂದರೆ ಹೆಚ್ಚಿನವರು ಅಗತ್ಯಕ್ಕಿಂತ ಬಹಳ ಹೆಚ್ಚು ಗಾಳಿಯನ್ನು ಓಡಿಸಿ ಅದರೊಂದಿಗೆ ಬೇಡದ ಸದ್ದನ್ನೂ ಹೊತ್ತುಕೊಳ್ಳುತ್ತಾರೆ. ನಿಮ್ಮ ಯಂತ್ರ ಪೂರ್ಣ ಹೊರೆಯಲ್ಲಿ ಸುಮಾರು 250 ವ್ಯಾಟ್ ಶಾಖವನ್ನು ಹೊರಬಿಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ, ಒಂದು ಕಿಲೋ ಗಾಳಿಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಲು ಸುಮಾರು 1005 ಜೂಲ್ ಬೇಕು. ಕ್ಯಾಬಿನೆಟ್ಟಿನೊಳಕ್ಕೆ ಬರುವ ಗಾಳಿಗಿಂತ ಹೊರಹೋಗುವ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬಾರದು ಎಂದಾದರೆ ಗಂಟೆಗೆ ಸುಮಾರು 75 ಘನ ಮೀಟರ್, ಅಂದರೆ ಫ್ಯಾನಿನ ಡಬ್ಬಿಗಳ ಮೇಲೆ ಮುದ್ರಿಸುವ ಅಳತೆಯಲ್ಲಿ ಸುಮಾರು 44 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಎಂಬ ಲೆಕ್ಕ) ಗಾಳಿ ಹರಿದರೆ ಸಾಕು. ಆದರೆ ಇದು ಪೂರ್ಣ ಹೊರೆಯ ಮಾತು. ಮುದ್ರಣ ಮಾಡುವಾಗ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸವೇ ಇರುವುದಿಲ್ಲ. ಆಗ ಇಡೀ ಯಂತ್ರ 60 ವ್ಯಾಟ್ ಬಿಟ್ಟರೂ ಗಂಟೆಗೆ 18 ಘನ ಮೀಟರ್ ಗಾಳಿ ಸಾಕಾಗುತ್ತದೆ, ಅದನ್ನು ಒಂದೆರಡು ಫ್ಯಾನುಗಳು ಬಹಳ ಮೆಲ್ಲಗೆ ತಿರುಗಿ ಪೂರೈಸಬಲ್ಲವು. ನಿಮಗೆ ಮೌನ ಬೇಕಿರುವ ಹೊತ್ತಿನಲ್ಲೇ ಯಂತ್ರಕ್ಕೆ ಗಾಳಿಯ ಅಗತ್ಯ ಕಡಿಮೆ ಇರುವುದು ನಿಮ್ಮ ಪಾಲಿಗೆ ದೊಡ್ಡ ಅನುಕೂಲ.

ಹಾಗಿದ್ದೂ ಈಗ ಸದ್ದು ಏಕೆ ಬರುತ್ತಿದೆ? ಹೊಸದನ್ನು ಕೊಳ್ಳುವ ಮುನ್ನ ಪಕ್ಕದ ಮುಚ್ಚಳ ತೆಗೆದು ಫ್ಯಾನುಗಳ ವೈರು ಎಲ್ಲಿಗೆ ಹೋಗಿದೆ ಎಂದು ನೋಡಿ. ಕಡಿಮೆ ಬೆಲೆಯ ಕ್ಯಾಬಿನೆಟ್‌ಗಳ ಜೊತೆ ಬರುವ ಬಣ್ಣದ ದೀಪದ ಫ್ಯಾನುಗಳಲ್ಲಿ ಅನೇಕವು ಮೊಲೆಕ್ಸ್ ಕನೆಕ್ಟರ್ ಮೂಲಕ ನೇರವಾಗಿ ಪವರ್ ಸಪ್ಲೈಗೆ ಸೇರಿರುತ್ತವೆ. ಅವುಗಳಿಗೆ ಸದಾ 12 ವೋಲ್ಟ್ ಸಿಗುವುದರಿಂದ ಯಂತ್ರ ಸುಮ್ಮನಿದ್ದರೂ ಪೂರ್ಣ ವೇಗದಲ್ಲೇ ತಿರುಗುತ್ತವೆ. ನಿಮ್ಮವೂ ಹಾಗಿದ್ದರೆ ಬದಲಾಯಿಸುವುದೇ ಸರಿ. ಮದರ್‌ಬೋರ್ಡಿಗೆ ಮೂರು ಪಿನ್ನಿನ ಅಥವಾ ನಾಲ್ಕು ಪಿನ್ನಿನ ಕನೆಕ್ಟರ್‌ನಿಂದ ಸೇರಿದ್ದರೆ ಮಾತ್ರ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಬಯೋಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಹೊಂದಿಕೆಗಳ ಪುಟಕ್ಕೆ, ಹೋಗಿ. ಮೂರು ಪಿನ್ನಿನ ಫ್ಯಾನಿನ ವೇಗವನ್ನು ವೋಲ್ಟೇಜ್ ಇಳಿಸಿ ತಗ್ಗಿಸಬೇಕಾಗುತ್ತದೆ, ಅದಕ್ಕೆ ಬಯೋಸ್‌ನಲ್ಲಿ ಡಿಸಿ ಎಂಬ ಆಯ್ಕೆ ಇರುತ್ತದೆ. ನಾಲ್ಕು ಪಿನ್ನಿನದಕ್ಕೆ ಪಿಡಬ್ಲ್ಯೂಎಂ ಆಯ್ಕೆ, ಇದರಲ್ಲಿ ವೋಲ್ಟೇಜ್ ಇಳಿಸದೆ ನಾಲ್ಕನೆಯ ಪಿನ್ನಿನ ಸಂಕೇತದಿಂದಲೇ ವೇಗ ಹೊಂದುತ್ತದೆ.

ಬಯೋಸ್‌ನಲ್ಲಿ ಉಷ್ಣಾಂಶಕ್ಕೆ ತಕ್ಕಂತೆ ವೇಗವನ್ನು ಗೊತ್ತುಮಾಡುವ ಗೆರೆಚಿತ್ರ ಇರುತ್ತದೆ, ಇದನ್ನು ಫ್ಯಾನ್ ಕರ್ವ್ ಎನ್ನುತ್ತಾರೆ. ಸಾಮಾನ್ಯವಾಗಿ ಕ್ಯಾಬಿನೆಟ್ ಫ್ಯಾನುಗಳೂ ಪ್ರೊಸೆಸರಿನ ಉಷ್ಣಾಂಶವನ್ನೇ ಹಿಂಬಾಲಿಸುವಂತೆ ಹೊಂದಿಸಿರುತ್ತಾರೆ. ಇಂದಿನ ಪ್ರೊಸೆಸರ್ ಒಂದು ಫೈಲ್ ತೆರೆದ ಮಾತ್ರಕ್ಕೆ ಒಂದೆರಡು ಕ್ಷಣದಲ್ಲಿ 15–20 ಡಿಗ್ರಿ ಜಿಗಿದು ಮತ್ತೆ ಇಳಿಯಬಲ್ಲದು. ಆ ಜಿಗಿತಕ್ಕೆಲ್ಲ ಫ್ಯಾನುಗಳು ಸ್ಪಂದಿಸಿ ಏರಿಳಿಯುತ್ತವೆ, ಆ ಏರಿಳಿತ ಸ್ಥಿರವಾದ ಸದ್ದಿಗಿಂತ ಹೆಚ್ಚು ಕಿರಿಕಿರಿ ಮಾಡುತ್ತದೆ. ಧ್ವನಿಮುದ್ರಣಕ್ಕಂತೂ ಅದು ಇನ್ನೂ ಕೆಟ್ಟದ್ದು, ಏಕೆಂದರೆ ಒಂದೇ ಸಮನಾದ ಹಿನ್ನೆಲೆ ಸದ್ದನ್ನು ಸಾಫ್ಟ್‌ವೇರ್ ಮೂಲಕ ತಕ್ಕಮಟ್ಟಿಗೆ ತೆಗೆಯಬಹುದು, ಕ್ಷಣಕ್ಷಣಕ್ಕೂ ಬದಲಾಗುವುದನ್ನು ತೆಗೆಯಲು ಹೋದರೆ ನಿಮ್ಮ ದನಿಯೇ ಕೆಡುತ್ತದೆ. ಆದ್ದರಿಂದ ಕ್ಯಾಬಿನೆಟ್ ಫ್ಯಾನುಗಳನ್ನು ಪ್ರೊಸೆಸರಿನ ಬದಲು ಮದರ್‌ಬೋರ್ಡಿನ ಉಷ್ಣಾಂಶಕ್ಕೆ ಕಟ್ಟಿ. ವೇಗ ಏರುವ ಮುನ್ನ ಕೆಲವು ಸೆಕೆಂಡು ಕಾಯುವ ಆಯ್ಕೆ ನಿಮ್ಮ ಬಯೋಸ್‌ನಲ್ಲಿದ್ದರೆ ಅದನ್ನು ಗರಿಷ್ಠಕ್ಕೆ ಇಡಿ. ಗ್ರಾಫಿಕ್ಸ್ ಕಾರ್ಡಿನ ಉಷ್ಣಾಂಶವನ್ನೂ ಲೆಕ್ಕಕ್ಕೆ ಸೇರಿಸಬೇಕೆಂದರೆ ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ವೇಗಕ್ಕೂ ಸದ್ದಿಗೂ ಇರುವ ಸಂಬಂಧ. ಫ್ಯಾನು ಎಬ್ಬಿಸುವ ಗಾಳಿ ವೇಗದ ಪ್ರಮಾಣದಲ್ಲೇ ಇಳಿಯುತ್ತದೆ, ಆದರೆ ಸದ್ದು ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ: ವೇಗ ಅರ್ಧವಾದರೆ ಸುಮಾರು 15 ಡೆಸಿಬಲ್ ಕಡಿಮೆಯಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. ಒಂದೇ ಬಗೆಯ ಎರಡು ಫ್ಯಾನು ಒಟ್ಟಿಗೆ ತಿರುಗಿದರೆ ಒಂದರ ಸದ್ದಿಗಿಂತ ಹೆಚ್ಚುವುದು ಕೇವಲ 3 ಡೆಸಿಬಲ್. ಈ ಎರಡನ್ನೂ ಕೂಡಿಸಿ ನೋಡಿದರೆ ನಿಮಿಷಕ್ಕೆ 1200 ಸುತ್ತು ತಿರುಗುವ ಎರಡು ಫ್ಯಾನುಗಳ ಬದಲು 800 ಸುತ್ತು ತಿರುಗುವ ಮೂರು ಫ್ಯಾನು ಹಾಕಿದಾಗ ಗಾಳಿ ಅಷ್ಟೇ ಸಿಗುತ್ತದೆ, ಸದ್ದು ಮಾತ್ರ ಸುಮಾರು 7 ಡೆಸಿಬಲ್ ಇಳಿಯುತ್ತದೆ. ಫ್ಯಾನುಗಳ ಸಂಖ್ಯೆ ಹೆಚ್ಚಾದರೆ ಸದ್ದು ಹೆಚ್ಚುತ್ತದೆ ಎಂದು ಹೆದರುವವರಿಗೆ ನಾನು ಯಾವಾಗಲೂ ಈ ಲೆಕ್ಕವನ್ನೇ ಕೊಡುತ್ತೇನೆ. ನಿಮ್ಮ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ 140 ಮಿ.ಮೀ. ಫ್ಯಾನಿಗೆ ರಂಧ್ರಗಳಿದ್ದರೆ ಖಂಡಿತ ಅದನ್ನೇ ಆರಿಸಿ, 120 ಮಿ.ಮೀ. ಫ್ಯಾನಿನಷ್ಟೇ ಗಾಳಿಯನ್ನು ಅದು ಸುಮಾರು ಮೂರನೇ ಎರಡರಷ್ಟು ವೇಗದಲ್ಲೇ ತಳ್ಳುತ್ತದೆ.

ಡೆಸಿಬಲ್ಲಿಗಿಂತ ನಿಮ್ಮಂಥವರಿಗೆ ಮುಖ್ಯವಾದುದು ಸದ್ದಿನ ಸ್ವರೂಪ. ಗಾಳಿಯ ಸುಯ್ಯೆನ್ನುವ ಸದ್ದು ಕಿವಿಗೆ ಬೇಗ ಒಗ್ಗುತ್ತದೆ, ಗುಂಯ್ ಎನ್ನುವ ಒಂದೇ ಸ್ವರ ಒಗ್ಗುವುದಿಲ್ಲ. ಆ ಸ್ವರ ಹುಟ್ಟುವುದು ರೆಕ್ಕೆಗಳು ಚೌಕಟ್ಟಿನ ಕಡ್ಡಿಗಳನ್ನು ದಾಟುವಾಗ. ಏಳು ರೆಕ್ಕೆಯ ಫ್ಯಾನು ನಿಮಿಷಕ್ಕೆ 1200 ಸುತ್ತು ತಿರುಗಿದರೆ ಸೆಕೆಂಡಿಗೆ 140 ಸಲ ರೆಕ್ಕೆ ದಾಟುತ್ತದೆ, ಅಂದರೆ 140 ಹರ್ಟ್ಸ್‌ನ ಸ್ವರ. ಗಂಡಸರ ಮಾತಿನ ಮೂಲಸ್ವರ ಹೆಚ್ಚಾಗಿ ಇರುವುದೂ ಅಲ್ಲೇ, ಸುಮಾರು 85ರಿಂದ 180 ಹರ್ಟ್ಸ್ ನಡುವೆ. ಹಾಗಾಗಿ ಫಿಲ್ಟರ್ ಹಾಕಿ ಅದನ್ನು ಕತ್ತರಿಸಿದರೆ ದನಿಯ ತೂಕವೂ ಹೋಗುತ್ತದೆ. ವೇಗವನ್ನು 600 ಸುತ್ತಿಗೆ ಇಳಿಸಿದರೆ ಸ್ವರ 70 ಹರ್ಟ್ಸ್‌ಗೆ ಬಂದು, ಮುದ್ರಣದಲ್ಲಿ ಸಾಮಾನ್ಯವಾಗಿ ಬಳಸುವ, 80 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಕಡಿತಗೊಳಿಸುವ ಫಿಲ್ಟರ್‌ ಅದನ್ನು ತಗ್ಗಿಸುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಎರಡು ಫ್ಯಾನುಗಳು 800 ಮತ್ತು 780 ಸುತ್ತು ಹೀಗೆ ಹತ್ತಿರಹತ್ತಿರದ ವೇಗದಲ್ಲಿದ್ದರೆ, ಶ್ರುತಿ ಸರಿಯಾಗಿ ಸೇರದ ತಂಬೂರಿ ತಂತಿಗಳಂತೆ ಅವುಗಳ ಸ್ವರಗಳು ಒಂದರ ಮೇಲೊಂದು ಬಿದ್ದು ಸೆಕೆಂಡಿಗೆ ಎರಡು ಸಲ ಏರಿಳಿಯುವ ಮಿಡಿತ ಹುಟ್ಟುತ್ತದೆ. ಫ್ಯಾನು ಕೆಟ್ಟಿದೆಯೆಂದು ಇದಕ್ಕಾಗಿ ಮರಳಿಸುವವರಿದ್ದಾರೆ. ಮುಂದಿನ ಫ್ಯಾನುಗಳಿಗೂ ಹಿಂದಿನದಕ್ಕೂ ನೂರು ಸುತ್ತಿನಷ್ಟು ಅಂತರವಿಟ್ಟರೆ ಆ ಮಿಡಿತ ಕೇಳಿಸದಂತಾಗುತ್ತದೆ. ಕೆಲವು ಫ್ಯಾನುಗಳು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕ್ಯಾಬಿನೆಟ್ಟಿನ ತಗಡಿನೊಂದಿಗೆ ಅನುರಣಿಸುತ್ತವೆ; ವೇಗವನ್ನು ನಿಧಾನವಾಗಿ ಏರಿಸುತ್ತಾ ಆಲಿಸಿ, ಆ ಜಾಗವನ್ನು ಗುರುತಿಸಿ, ಕರ್ವ್ ಅಲ್ಲಿ ನಿಲ್ಲದಂತೆ ನೋಡಿಕೊಳ್ಳಿ.

ಡಬ್ಬಿಯ ಮೇಲಿನ ಅಂಕಿಗಳಿಂದ ಎರಡು ಕಂಪನಿಗಳ ಫ್ಯಾನುಗಳನ್ನು ಹೋಲಿಸಬೇಡಿ, ಏಕೆಂದರೆ ಒಬ್ಬೊಬ್ಬರು ಅಳೆಯುವ ದೂರ ಮತ್ತು ಕ್ರಮ ಬೇರೆ ಬೇರೆ. ಸಿಎಫ್‌ಎಂ ಅಂಕಿಯೂ ಎದುರಿಗೆ ಏನೂ ಅಡ್ಡವಿಲ್ಲದಾಗ ಸಿಗುವ ಗಾಳಿಯದು; ದೂಳಿನ ಜಾಲರಿಯ ಹಿಂದೆ ಕೂತ ಫ್ಯಾನಿಗೆ ಅಷ್ಟು ಸಿಗುವುದಿಲ್ಲ. ಅಲ್ಲಿ ಬೇಕಾಗುವುದು ಒತ್ತಡ, ಅದನ್ನು ನೀರಿನ ಮಿಲಿಮೀಟರ್ ಲೆಕ್ಕದಲ್ಲಿ ಕೊಟ್ಟಿರುತ್ತಾರೆ.

ಈಗ ಹೆಸರುಗಳು. ಆಸ್ಟ್ರಿಯದ ನಾಕ್ಟುವಾ ಕಂಪನಿಯ ಎನ್ಎಫ್-ಎ12x25 ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವೆ ಕೇವಲ ಅರ್ಧ ಮಿಲಿಮೀಟರ್ ಸಂದು ಇದೆ. ರೆಕ್ಕೆ ಕಾಲಕ್ರಮದಲ್ಲಿ ಹಿಗ್ಗಿ ಚೌಕಟ್ಟಿಗೆ ತಾಗದಿರಲೆಂದೇ ಅದಕ್ಕೆ ವಿಶೇಷ ಪ್ಲಾಸ್ಟಿಕ್ ಬಳಸಿದ್ದಾರೆ. ಜಾಲರಿಯ ಹಿಂದೆ ಮೆಲ್ಲಗೆ ತಿರುಗಿಯೂ ಗಾಳಿ ಎಳೆಯುವುದರಲ್ಲಿ ಅದು ನಿಜಕ್ಕೂ ಉತ್ತಮ, ಬೆಲೆಯೂ ಹಾಗೆಯೇ ಹೆಚ್ಚು. ಜರ್ಮನಿಯ ಬಿ ಕ್ವಯೆಟ್ ಕಂಪನಿಯ ಸೈಲೆಂಟ್ ವಿಂಗ್ಸ್ ಸರಣಿಯೂ ಅದೇ ದರ್ಜೆಯದು. ಆದರೆ ನಿಮ್ಮ ಯಂತ್ರದ ಶಾಖಕ್ಕೆ, ನಿಮ್ಮ ಜಾಗದಲ್ಲಿ ನಾನಿದ್ದರೆ, ಆರ್ಕ್ಟಿಕ್ ಪಿ12ರ ಪಿಡಬ್ಲ್ಯೂಎಂ ಮಾದರಿಯಂಥ ಅಗ್ಗದ ಫ್ಯಾನುಗಳನ್ನೇ ಮೂರು ಕೊಂಡು ಎರಡನ್ನು ಮುಂದೆ ಒಳಗೆಳೆಯಲು, ಒಂದನ್ನು ಹಿಂದೆ ಹೊರದಬ್ಬಲು ಹಾಕುತ್ತೇನೆ. ಅದು 200 ಸುತ್ತಿನಿಂದ 1800 ಸುತ್ತಿನವರೆಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ. ಯಾವುದನ್ನೇ ಕೊಂಡರೂ ನಾಲ್ಕು ಪಿನ್ನು ಇರಲಿ, ಬೇರಿಂಗ್ ಫ್ಲೂಯಿಡ್ ಡೈನಮಿಕ್ ಬಗೆಯದಾಗಿರಲಿ, ಅಂದರೆ ಅಚ್ಚು ಎಣ್ಣೆಯ ಪದರದ ಮೇಲೆ ತಿರುಗುವಂಥದು. ಸಾಧಾರಣ ಸ್ಲೀವ್ ಬೇರಿಂಗ್ ಹೊಸದರಲ್ಲಿ ಮೌನವಾಗಿದ್ದು, ಬಿಸಿಗೆ ಎಣ್ಣೆ ಒಣಗಿದಂತೆ ಕಟಕಟ ಎನ್ನತೊಡಗುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಅಂಗಡಿಯಲ್ಲೇ ಒಮ್ಮೆ ಓಡಿಸಿ ಕಿವಿ ಹತ್ತಿರ ಹಿಡಿದು ಕೇಳಿ. ಅಲ್ಲಿನ ಗದ್ದಲದಲ್ಲೂ ಕಟಕಟ ಕೇಳಿಸಿದರೆ ಬೇರೆಯದನ್ನು ಕೇಳಿ ಪಡೆಯಿರಿ. ಸ್ಕ್ರೂ ಬದಲು ರಬ್ಬರ್ ಪಿನ್ನುಗಳಿಂದ ಕೂರಿಸಿದರೆ ಕಂಪನ ತಗಡಿಗೆ ದಾಟುವುದು ಕಡಿಮೆಯಾಗುತ್ತದೆ.

ಕಲಬುರಗಿಯ ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಇದ್ದರೆ ಯಾವ ಫ್ಯಾನೂ ಯಂತ್ರವನ್ನು ಅದಕ್ಕಿಂತ ತಣ್ಣಗೆ ಮಾಡಲಾರದು. ಆದರೂ ಗಾಬರಿಯಾಗಬೇಡಿ, ಇಂದಿನ ಪ್ರೊಸೆಸರ್‌ಗಳೂ ಗ್ರಾಫಿಕ್ಸ್ ಕಾರ್ಡ್‌ಗಳೂ 75–80 ಡಿಗ್ರಿಯಲ್ಲಿ ಕೆಲಸ ಮಾಡುವಂತೆಯೇ ರೂಪುಗೊಂಡಿವೆ. ಬೇಸಿಗೆಗೆ ಒಂದು, ಉಳಿದ ಕಾಲಕ್ಕೆ ಒಂದು, ಹೀಗೆ ಎರಡು ಕರ್ವ್ ಉಳಿಸಿಟ್ಟುಕೊಳ್ಳಿ. ನಿಮ್ಮ ಕಡೆಯ ದೂಳಿಗೆ ಮುಂದಿನ ಜಾಲರಿ ತಿಂಗಳಿಗೊಮ್ಮೆಯಾದರೂ ತೊಳೆಯದಿದ್ದರೆ ಗಾಳಿ ಕಟ್ಟಿಕೊಂಡು, ಅದೇ ತಂಪಿಗೆ ಫ್ಯಾನು ಹೆಚ್ಚು ತಿರುಗಬೇಕಾಗುತ್ತದೆ. ಕಡೆಯದಾಗಿ, ಕ್ಯಾಬಿನೆಟ್ಟನ್ನು ಮೇಜಿನಿಂದ ಇಳಿಸಿ ನೆಲದ ಮೇಲಲ್ಲದೆ ಒಂದು ಗಿಡ್ಡ ಮಣೆಯ ಮೇಲೆ, ಮೈಕಿನ ಬೆನ್ನಿನ ದಿಕ್ಕಿನಲ್ಲಿ, ವೈರು ಎಟಕುವಷ್ಟು ದೂರ ಇಡಿ. ನಿಮ್ಮದು ಕಾರ್ಡಿಯಾಯ್ಡ್ ಮೈಕಾಗಿದ್ದರೆ ಅದು ಹಿಂದಿನ ಸದ್ದನ್ನು ತಾನಾಗಿಯೇ ಕಡಿಮೆ ಹಿಡಿಯುತ್ತದೆ. ಇಷ್ಟು ಮಾಡಿದ ಮೇಲೂ ಗುಂಯ್ ಎನ್ನುವುದು ಉಳಿದರೆ ಪ್ರೊಸೆಸರ್ ಮೇಲಿನ ಕೂಲರಿನ ಮಾದರಿಯನ್ನು ತಿಳಿಸಿ. ಪ್ರೊಸೆಸರಿನ ಜೊತೆ ಡಬ್ಬಿಯಲ್ಲೇ ಬಂದ ಸಣ್ಣ ಕೂಲರ್ ಅದಾಗಿದ್ದರೆ, ಕ್ಯಾಬಿನೆಟ್ ಫ್ಯಾನುಗಳಿಗಿಂತ ಮೊದಲು ಅದನ್ನೇ ಬದಲಿಸುವುದು ಒಳ್ಳೆಯದಾಗಬಹುದು.