ಬಾಕ್ಸ್‌ವುಡ್ ತೆಗೆದ ಜಾಗಕ್ಕೆ ಹಾಲಿ (holly) ಗಿಡ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಬಾಕ್ಸ್‌ವುಡ್ ಅಂಚುಬೇಲಿ ಬುಡದಿಂದಲೇ ಎಲೆ ಉದುರಿಸಿ ಬೋಳಾಗಿದೆ. ಎಳೆಯ ಕಡ್ಡಿಗಳ ಮೇಲೆ ಕಪ್ಪು ಗೀರುಗಳಿವೆ. ಇದನ್ನು ಕಿತ್ತು ಅದೇ ಸಾಲಿನಲ್ಲಿ ಹಾಲಿ ನೆಟ್ಟರೆ ಅದಕ್ಕೂ ರೋಗ ಹತ್ತುತ್ತದೆಯೆ?

ಉತ್ತರ: ಹತ್ತುವುದಿಲ್ಲ. ನೀವು ಹೇಳುವ ಲಕ್ಷಣ ಬಾಕ್ಸ್‌ವುಡ್ ಬ್ಲೈಟ್‌ನದು. ಕ್ಯಾಲೊನೆಕ್ಟ್ರಿಯಾ ಎಂಬ ಶಿಲೀಂಧ್ರದಿಂದ ಬರುವ ಈ ರೋಗ 1990ರ ದಶಕದ ಮಧ್ಯದಲ್ಲಿ ಬ್ರಿಟನ್ನಿನಲ್ಲಿ, 2011ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಬಾಕ್ಸ್‌ವುಡ್‌ಗೂ ಅದೇ ಕುಟುಂಬದ ಪ್ಯಾಕಿಸಾಂಡ್ರಾ, ಸಾರ್ಕೊಕೊಕಾ ಗಿಡಗಳಿಗೂ ಅದು ಬರುತ್ತದೆ. ಹಾಲಿಯ ಕುಟುಂಬವೇ ಬೇರೆ.

ಆದರೂ ಉದುರಿದ ಎಲೆಯನ್ನು ಗುಡಿಸಿ ಚೀಲಕ್ಕೆ ಕಟ್ಟಿ ವಿಲೇವಾರಿ ಮಾಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಶಿಲೀಂಧ್ರ ಎಲೆಯ ಕಸದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಲಿಗೆ ಅದರಿಂದ ತೊಂದರೆಯಿಲ್ಲ, ತೋಟದಲ್ಲಿ ಉಳಿದಿರುವ ಬಾಕ್ಸ್‌ವುಡ್‌ಗೆ ಇದೆ.

ನೀವು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಮಣ್ಣಿನದು. ಬಾಕ್ಸ್‌ವುಡ್ ಸುಣ್ಣದ ಮಣ್ಣಿನಲ್ಲಿ ನೆಮ್ಮದಿಯಾಗಿರುತ್ತದೆ, ಹಾಗಾಗಿ ಎಷ್ಟೋ ಕಡೆ ಸಾಲಿಗೆ ವರ್ಷವರ್ಷ ಸುಣ್ಣವನ್ನೋ ಬೂದಿಯನ್ನೋ ಹಾಕಿರುತ್ತಾರೆ. ಹಾಲಿಗೆ ಬೇಕಾದದ್ದು ಹುಳಿ ಮಣ್ಣು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರಿಂದ 6.5ರ ಒಳಗೆ. ಎಲೆ ನೋಡಿದರೆ ಎರಡೂ ಅಣ್ಣತಮ್ಮಂದಿರಂತಿವೆ, ಬೇರಿನ ಸ್ವಭಾವದಲ್ಲಿ ಸಂಬಂಧವೇ ಇಲ್ಲ. ಹಾಲಿ ಸೋತಿತು ಎಂದು ಬರುವ ದೂರುಗಳಲ್ಲಿ ಬಹುಪಾಲು ಇದನ್ನು ಮರೆತದ್ದರಿಂದ ಆದವು. ಒಂದು ಚಮಚ ಒಣಮಣ್ಣಿಗೆ ವಿನೆಗರ್ ಹನಿಸಿ ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣ ಬೇಕಾದಷ್ಟಿದೆ. ಅಂಥ ಮಣ್ಣನ್ನು ಗಂಧಕ ಹಾಕಿ ಹುಳಿ ಮಾಡಲು ಹೋಗುವುದು ಸಮುದ್ರಕ್ಕೆ ಸಕ್ಕರೆ ಸುರಿದಂತೆ. ಏರುಮಡಿ ಕಟ್ಟಿ ಬೇರೆ ಮಣ್ಣು ತುಂಬಿಸಿ, ಇಲ್ಲವೆ ಬೇರೆ ಗಿಡ ಹುಡುಕಿ. ನೊರೆ ಬರದೆ ಪಿಎಚ್ ಮಾತ್ರ 7ರ ಆಸುಪಾಸಿನಲ್ಲಿದ್ದರೆ ಗಂಧಕದ ಪುಡಿ ಸಾಕು. ಮರಳು ಮಣ್ಣಿಗೆ ಚದರ ಮೀಟರಿಗೆ ಸುಮಾರು 40 ಗ್ರಾಂ, ಗೋಡು ಮಣ್ಣಿಗೆ 80 ಗ್ರಾಂ ಹಾಕಿ ಮೇಲಿನ 15 ಸೆಂ.ಮೀ. ಮಣ್ಣಿಗೆ ಬೆರೆಸಿ. ಗಂಧಕವನ್ನು ಆಮ್ಲವಾಗಿಸುವುದು ಮಣ್ಣಿನ ಬ್ಯಾಕ್ಟೀರಿಯಾ, ಅವು ಅವಸರದವಲ್ಲ. ನೆಡುವುದಕ್ಕೆ ಮೂರರಿಂದ ಆರು ತಿಂಗಳು ಮೊದಲೇ ಹಾಕಿ, ಮತ್ತೆ ಪಿಎಚ್ ಅಳೆದು, ಆಮೇಲೆ ಗಿಡ ತನ್ನಿ.

ಪ್ರಶ್ನೆ: ಹಾಲಿ ಎಂದರೆ ಮುಳ್ಳೆಲೆ, ಕೆಂಪು ಹಣ್ಣು ಎಂದುಕೊಂಡಿದ್ದೆ. ಬಾಕ್ಸ್‌ವುಡ್ ಹಾಗೆ ಕಾಣುವುದು ಯಾವುದು? ಮೊಣಕಾಲೆತ್ತರದ ಬೇಲಿ ಬೇಕು.

ಉತ್ತರ: ಜಪಾನಿ ಹಾಲಿ, ಅಂದರೆ ಐಲೆಕ್ಸ್ ಕ್ರೆನಾಟಾ. ಎಲೆ ಒಂದರಿಂದ ಮೂರು ಸೆಂ.ಮೀ., ಮುಳ್ಳಿಲ್ಲ, ಹಣ್ಣು ಕಪ್ಪು. ಗುರುತಿಸುವುದು ಸುಲಭ: ಬಾಕ್ಸ್‌ವುಡ್‌ನಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಹಾಲಿಯಲ್ಲಿ ಗೆಣ್ಣಿಗೊಂದರಂತೆ ಅದಲುಬದಲಾಗಿ. ನರ್ಸರಿಯಲ್ಲಿ ಹೆಸರುಚೀಟಿ ಅದಲುಬದಲಾಗಿದ್ದರೂ ಕಡ್ಡಿ ಸುಳ್ಳು ಹೇಳುವುದಿಲ್ಲ.

ಮೊಣಕಾಲೆತ್ತರಕ್ಕೆ ‘ಹೆಲ್ಲೆರಿ’ ಅಥವಾ ‘ಸಾಫ್ಟ್ ಟಚ್’ ತಗೊಳ್ಳಿ. ಎರಡೂ ಎತ್ತರಕ್ಕಿಂತ ಅಗಲಕ್ಕೆ ಬೆಳೆಯುವ ಜಾತಿ. ಹೆಲ್ಲೆರಿ ಬಿಗಿ, ಕತ್ತರಿಗೆ ಚೆನ್ನಾಗಿ ಒಗ್ಗುತ್ತದೆ. ಸಾಫ್ಟ್ ಟಚ್‌ನ ಕಡ್ಡಿ ಮೆದು, ಚೌಕಾಕಾರಕ್ಕೆ ಕತ್ತರಿಸಿದರೆ ಅಂಚು ನಿಲ್ಲುವುದಿಲ್ಲ. ದುಂಡಗೆ ಬಿಟ್ಟರೇ ಚಂದ. ಸೊಂಟದೆತ್ತರಕ್ಕೆ ‘ಕಾನ್ವೆಕ್ಸಾ’ ಸರಿ. ಅದರ ಎಲೆ ಬೋರಲು ಹಾಕಿದ ದೋಣಿಯಂತಿರುತ್ತದೆ, ದೂರದಿಂದ ನೋಡಿದರೆ ಬಾಕ್ಸ್‌ವುಡ್ಡೇ. ‘ಸ್ಕೈ ಪೆನ್ಸಿಲ್’ ಕಂಬದಂತೆ ಏರುವ ಗಿಡ, ತಗ್ಗು ಬೇಲಿಗೆ ಹೊಂದುವುದಿಲ್ಲ.

ಜಪಾನಿ ಹಾಲಿ ಮೈನಸ್ 20 ಡಿಗ್ರಿಯ ಆಸುಪಾಸಿನ ಚಳಿ ತಡೆಯುತ್ತದೆ, ಬಿಡುವಿಲ್ಲದ ಸೆಕೆಯನ್ನು ತಡೆಯುವುದಿಲ್ಲ. ರಾತ್ರಿಯೂ ತಂಪಾಗದ ಕಡೆ ಯೌಪಾನ್ ಹಾಲಿಯ ಕುಳ್ಳ ತಳಿಗಳಾದ ‘ನಾನಾ’, ‘ಶಿಲ್ಲಿಂಗ್ಸ್’ ವಾಸಿ. ಸುಣ್ಣ, ಉಪ್ಪುಗಾಳಿ, ಬರ ಮೂರನ್ನೂ ಅವು ಜಪಾನಿ ಹಾಲಿಗಿಂತ ಚೆನ್ನಾಗಿ ತಾಳುತ್ತವೆ. (ಐಲೆಕ್ಸ್ ವೊಮಿಟೋರಿಯಾ ಎಂಬ ಇದರ ಹೆಸರಿನಲ್ಲಿ ವಾಂತಿ ಇದ್ದರೂ ಎಲೆಯಲ್ಲಿರುವುದು ಕೆಫೀನ್.) ನೀರು ನಿಲ್ಲುವ ಹುಳಿ ಮಣ್ಣಿಗೆ ಇಂಕ್‌ಬೆರಿ, ಅಂದರೆ ಐಲೆಕ್ಸ್ ಗ್ಲಾಬ್ರಾ, ಅದರಲ್ಲಿ ‘ಶ್ಯಾಮ್‌ರಾಕ್’ ಅಡಕವಾದ ತಳಿ. ಆದರೆ ಇಂಕ್‌ಬೆರಿಗೆ ವಯಸ್ಸಾದಂತೆ ಬುಡ ಬೋಳಾಗುವ ಚಾಳಿ ಇದೆ.

ಪ್ರಶ್ನೆ: ಆರು ಮೀಟರ್ ಸಾಲಿಗೆ ಎಷ್ಟು ಹೆಲ್ಲೆರಿ ಗಿಡ ಬೇಕು? ನೆಡುವ ಕ್ರಮ ತಿಳಿಸಿ.

ಉತ್ತರ: 40 ಸೆಂ.ಮೀ.ಗೆ ಒಂದರಂತೆ ಹದಿನೈದು. ಎರಡು ತುದಿಗಳಲ್ಲೂ 20 ಸೆಂ.ಮೀ. ಬಿಟ್ಟು ಶುರುಮಾಡಿ. ಬೇಗ ಕೂಡಿಕೊಳ್ಳಲಿ ಎಂದು 25 ಸೆಂ.ಮೀ.ಗೆ ಇಳಿಸಬೇಡಿ. ಐದಾರು ವರ್ಷದಲ್ಲಿ ಒಳಗೆ ಗಾಳಿಯಾಡದೆ ನುಸಿ ಸೇರುತ್ತದೆ.

ಮೊದಲು ನೀರು ಬಸಿಯುತ್ತದೆಯೇ ನೋಡಿ. 30 ಸೆಂ.ಮೀ. ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ. ಎರಡನೆಯ ಸಲ ಗಂಟೆಗೆ ಎರಡೂವರೆ ಸೆಂ.ಮೀ.ಗಿಂತ ಕಡಿಮೆ ಇಳಿದರೆ ಗುಂಡಿಯ ಯೋಚನೆ ಬಿಟ್ಟು 20–30 ಸೆಂ.ಮೀ. ಎತ್ತರದ ಏರುಮಡಿ ಮಾಡಿ. ಜಿಗುಟು ಮಣ್ಣಿನ ಗುಂಡಿಗೆ ಮರಳು ತುಂಬಿಸಿದರೆ ಆಗುವುದು ಬಾವಿ: ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿದು ನಿಲ್ಲುತ್ತದೆ.

ಗುಂಡಿ ಬೇರಿನ ಮುದ್ದೆಯ ಎರಡು ಪಟ್ಟು ಅಗಲ, ಆಳ ಮಾತ್ರ ಮುದ್ದೆಯಷ್ಟೇ ಇರಲಿ. ಕುಂಡದಲ್ಲಿ ಸುತ್ತಿಕೊಂಡ ಬೇರನ್ನು ಚಾಕುವಿನಿಂದ ಮೂರ್ನಾಲ್ಕು ಕಡೆ ಉದ್ದಕ್ಕೆ ಸೀಳಿ. ಮುದ್ದೆಯ ಮೇಲ್ಭಾಗ ನೆಲಮಟ್ಟಕ್ಕಿಂತ ಎರಡು ಸೆಂ.ಮೀ. ಮೇಲಿರಲಿ, ಆಮೇಲೆ ಹೇಗೂ ಕುಸಿಯುತ್ತದೆ. ತೆಗೆದ ಮಣ್ಣನ್ನೇ ಮರಳಿ ತುಂಬಿ. ತೊಗಟೆಚೂರು ಅಥವಾ ತರಗೆಲೆಯ ಹೊದಿಕೆ ಐದು ಸೆಂ.ಮೀ. ಸಾಕು, ಕಾಂಡಕ್ಕೆ ತಾಗದಿರಲಿ.

ಮೊದಲ ಬೇಸಿಗೆಯಲ್ಲಿ ಗಿಡ ಸಾಯುವುದು ಒಂದು ಮೋಸದಿಂದ. ನರ್ಸರಿಯ ಪೀಟ್ (ಜೌಗುನೆಲದ ಕೊಳೆತ ಪಾಚಿ) ಮಿಶ್ರಣ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಸುಲಭಕ್ಕೆ ನೀರು ಹೀರುವುದಿಲ್ಲ. ಸುತ್ತಲಿನ ಮಣ್ಣು ಒದ್ದೆ, ಮುದ್ದೆಯ ಒಳಗೆ ಬೆಣಚುಕಲ್ಲಿನಷ್ಟು ಒಣ. ಮೇಲ್ಮಣ್ಣು ಮುಟ್ಟಿ ನೋಡಿ ಸಮಾಧಾನಪಡಬೇಡಿ, ಮುದ್ದೆಯೊಳಗೇ ಬೆರಳು ಹಾಕಿ. ವಾರಕ್ಕೆ ಎರಡು ಸಲ, ಗಿಡಕ್ಕೆ ನಾಲ್ಕೈದು ಲೀಟರ್ ನೀರನ್ನು ಬುಡಕ್ಕೇ ನಿಧಾನವಾಗಿ ಬಿಡಿ. ಮಳೆ ಬಂದರೆ ಕಡಿಮೆ ಮಾಡಿ.

ಪ್ರಶ್ನೆ: ನೆಟ್ಟು ಎರಡು ವರ್ಷವಾಯಿತು. ಹೊಸ ಎಲೆಗಳು ಹಳದಿ, ನರ ಮಾತ್ರ ಹಸಿರು. ಯೂರಿಯಾ ಕೊಟ್ಟೆ, ಪ್ರಯೋಜನವಾಗಲಿಲ್ಲ.

ಉತ್ತರ: ಆಗುವುದೂ ಇಲ್ಲ. ಸಾರಜನಕದ ಕೊರತೆಯಾದರೆ ಮೊದಲು ಹಳದಿಯಾಗುವುದು ಹಳೆಯ ಎಲೆ, ಅದೂ ನರಸಮೇತ. ನಿಮ್ಮದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಪಿಎಚ್ ಏರಿದಾಗ ಬೇರಿಗೆ ಸಿಗುವುದಿಲ್ಲ ಅಷ್ಟೆ. ಗಡಸು ನೀರು ಹಾಯಿಸುತ್ತಿದ್ದರೆ ಹುಳಿ ಮಣ್ಣೂ ವರ್ಷಗಳಲ್ಲಿ ಸುಣ್ಣದ ಕಡೆ ವಾಲುತ್ತದೆ. ಹೊಸ ಸಿಮೆಂಟ್ ಗೋಡೆಯ ಪಕ್ಕದ ಸಾಲಿನಲ್ಲೂ ಇದೇ ಕಥೆ.

ತಕ್ಷಣಕ್ಕೆ ಚೀಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಸಿಗುವ ರೂಪದಲ್ಲಿ ಉಳಿಯುವ ಕಬ್ಬಿಣ ಕೊಡಿ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದಿರಬೇಕು. ಇಡಿಟಿಎ ರೂಪದ್ದು ಪಿಎಚ್ 6.5 ದಾಟಿದ ಮಣ್ಣಿನಲ್ಲಿ ಬೇಗ ನಿರುಪಯೋಗಿಯಾಗುತ್ತದೆ. ಶಾಶ್ವತ ಪರಿಹಾರ ಗಂಧಕ ಮತ್ತು ಮಳೆನೀರು. ಗೊಬ್ಬರವಾಗಿ ಚಿಗುರು ಹೊರಡುವ ಮುನ್ನ ವರ್ಷಕ್ಕೊಮ್ಮೆ ಅಮೋನಿಯಂ ಸಲ್ಫೇಟ್ ಚದರ ಮೀಟರಿಗೆ 30 ಗ್ರಾಂ ಸಾಕು. ಅದು ಸ್ವಲ್ಪ ಹುಳಿಯನ್ನೂ ಕೊಡುತ್ತದೆ. ಬೂದಿ ಬೇಡವೇ ಬೇಡ.

ಗೊಬ್ಬರ, ಕಬ್ಬಿಣ ಎರಡಕ್ಕೂ ಜಗ್ಗದಿದ್ದರೆ ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಬಿಳಿ ಬೇರಿನ ಮೇಲೆ ಅಲ್ಲಲ್ಲಿ ಕಪ್ಪು ಪಟ್ಟಿ ಇದ್ದರೆ ಕಪ್ಪು ಬೇರುಕೊಳೆ. ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ದಾರದಂತೆ ಉಳಿದರೆ ಫೈಟಾಫ್ತೊರಾ ಎಂಬ ಬೇರುಕೊಳೆ. ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಜಪಾನಿ ಹಾಲಿ ಈ ಮೂರಕ್ಕೂ ಮೆತ್ತಗಿನ ಗಿಡ. ಕಪ್ಪು ಬೇರುಕೊಳೆ ತಂಪು, ಒದ್ದೆ, ಸುಣ್ಣದ ಮಣ್ಣಿನಲ್ಲಿ ಕೆರಳುತ್ತದೆ, ಪಿಎಚ್ 5.5ರ ಕೆಳಗೆ ತಣ್ಣಗಾಗುತ್ತದೆ. ಗಿಡ ಸತ್ತ ಗುಂಡಿಗೇ ಮತ್ತೊಂದು ಜಪಾನಿ ಹಾಲಿ ಇಡುವುದು ದುಡ್ಡು ಹೂತಂತೆ. ಕಪ್ಪು ಬೇರುಕೊಳೆ ಇದ್ದ ಜಾಗಕ್ಕೆ ಯೌಪಾನ್ ನೆಡಿ.

ಪ್ರಶ್ನೆ: ಎಲೆ ಬೂದುಗಂದು ಬಣ್ಣಕ್ಕೆ ತಿರುಗಿ ಮಂಕಾಗಿದೆ. ಹುಳ ಏನೂ ಕಾಣುವುದಿಲ್ಲ.

ಉತ್ತರ: ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ. ಚುಕ್ಕಿಗಳು ಓಡಾಡಿದರೆ ನುಸಿ. ಹಾಲಿಗೆ ಹತ್ತುವ ಕೆಂಪು ನುಸಿ ತಂಪು ಹವೆಯಲ್ಲಿ ಹೆಚ್ಚುತ್ತದೆ, ಹಾನಿ ಕಣ್ಣಿಗೆ ಬೀಳುವುದು ಬೇಸಿಗೆಯಲ್ಲಿ. ಆಗ ಔಷಧ ಹೊಡೆಯುವವರು ಹಾವು ಹೋದ ಮೇಲೆ ನೆಲ ಬಡಿದಂತೆ. ವಸಂತದ ಶುರುವಿನಲ್ಲೇ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹಾಯಿಸಿ, ವಾರ ಬಿಟ್ಟು ಮತ್ತೊಮ್ಮೆ.

ಪ್ರಶ್ನೆ: ಕತ್ತರಿಸುವುದು ಯಾವಾಗ, ಎಷ್ಟು?

ಉತ್ತರ: ಚಳಿಗಾಲದ ಕೊನೆಗೆ, ಚಿಗುರುವ ಮುನ್ನ ಮುಖ್ಯ ಕತ್ತರಿ. ನಡುಬೇಸಿಗೆಯಲ್ಲಿ ಹಗುರವಾಗಿ ಒಮ್ಮೆ. ಮೊದಲ ಹಿಮಕ್ಕೆ ಆರು ವಾರ ಇರುವಾಗ ಕತ್ತರಿ ಎತ್ತಿಡಿ, ತಡವಾಗಿ ಬಂದ ಚಿಗುರು ಸುಟ್ಟುಹೋಗುತ್ತದೆ. ಬೇಲಿಯ ಬುಡ ತಲೆಗಿಂತ ಎರಡೂ ಕಡೆ ಐದು ಸೆಂ.ಮೀ. ಅಗಲವಿರಲಿ, ಇಲ್ಲದಿದ್ದರೆ ಬಿಸಿಲು ಸಿಗದೆ ಕೆಳಗಿನ ಎಲೆ ಉದುರುತ್ತದೆ. ಹಾಲಿ ಹಳೆಯ ಕಡ್ಡಿಯಿಂದಲೂ ಚಿಗುರುತ್ತದೆ. ಅಂದ ಕೆಟ್ಟ ಸಾಲನ್ನು ವರ್ಷಕ್ಕೆ ಮೂರನೇ ಒಂದು ಭಾಗದಂತೆ ಮೂರು ವರ್ಷದಲ್ಲಿ ತಗ್ಗಿಸಬಹುದು. ಅದೇ ಕತ್ತರಿ ಬಾಕ್ಸ್‌ವುಡ್‌ಗೂ ಹೋಗುವುದಾದರೆ ನಡುವೆ ಶೇ. 70ರ ಆಲ್ಕೋಹಾಲ್‌ನಲ್ಲಿ ಒರೆಸಿ.

ಪ್ರಶ್ನೆ: ಹಣ್ಣೇ ಬಿಡುವುದಿಲ್ಲವಲ್ಲ?

ಉತ್ತರ: ಹಾಲಿಯಲ್ಲಿ ಗಂಡು, ಹೆಣ್ಣು ಗಿಡ ಬೇರೆಬೇರೆ. ಹೆಲ್ಲೆರಿ ಹೆಣ್ಣು, ಹತ್ತಿರ ಗಂಡು ಗಿಡ ಇರಬೇಕು. ಹಣ್ಣು ಬಿಡದಿದ್ದರೆ ನಷ್ಟವೇನಿಲ್ಲ. ತಿಂದರೆ ವಾಂತಿ ಭೇದಿ ತರುವಂಥದ್ದು, ಮಕ್ಕಳಿರುವ ಮನೆಗೆ ಗಂಡೇ ವಾಸಿ.

ಪ್ರಶ್ನೆ: ಇರುವ ಒಂದು ಗಿಡದಿಂದ ಹೆಚ್ಚು ಸಸಿ ಮಾಡಿಕೊಳ್ಳಬಹುದೆ?

ಉತ್ತರ: ಬೀಜ ಬೇಡ. ಮೊಳೆಯಲು ಒಂದೆರಡು ವರ್ಷ ಬೇಕಾಗಬಹುದು, ಸಸಿ ತಾಯಿಯಂತೆಯೂ ಇರುವುದಿಲ್ಲ. ಈ ವರ್ಷದ ಚಿಗುರು ಬಾಗಿಸಿದರೆ ಪಟ್ಟನೆ ಮುರಿಯುವಷ್ಟು ಬಲಿತಾಗ, ಬೇಸಿಗೆಯ ಕೊನೆಗೆ, ಹತ್ತು ಸೆಂ.ಮೀ. ಕಡ್ಡಿ ತೆಗೆಯಿರಿ. ಕೆಳಗಿನ ಅರ್ಧದ ಎಲೆ ಬಿಡಿಸಿ, ಬುಡವನ್ನು ಶೇ. 0.3ರ ಐಬಿಎ (ಬೇರು ಬರಿಸುವ ಹಾರ್ಮೋನ್) ಪುಡಿಯಲ್ಲಿ ಅದ್ದಿ, ಸಮಪಾಲು ಪೀಟ್ ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲುಚೂರು) ಮಿಶ್ರಣದಲ್ಲಿ ಊರಿ. ಪಾರದರ್ಶಕ ಮುಚ್ಚಳ ಹಾಕಿ ನೆರಳಲ್ಲಿಡಿ. ಆರರಿಂದ ಎಂಟು ವಾರಕ್ಕೆ ಬೇರು ಬರುತ್ತದೆ. ಮೆಲ್ಲನೆ ಎಳೆದರೆ ತಡೆಯಬೇಕು. ಮೊದಲ ಚಳಿಗಾಲ ಅದೇ ತಟ್ಟೆಯಲ್ಲಿ ಕಳೆಯಲಿ, ವಸಂತದಲ್ಲಿ ಕುಂಡಕ್ಕೆ ಬದಲಿಸಿ.